ಮಗ ಟೀಮಲ್ಲಿದ್ದಾನೆ, ಆದರೆ ಬೆಂಚಿನ ಮೇಲೆ. ಇದರಿಂದ ಏನಾದರೂ ಲಾಭ ಇದೆಯಾ?

ಬೆಂಚಿಗೆ ಅಂಟಿದವನ ಅಮ್ಮ:
ನನ್ನ ಮಗನಿಗೆ 9 ವರ್ಷ. ಆರು ತಿಂಗಳ ಹಿಂದೆ ಫುಟ್‌ಬಾಲ್ ಟೀಮಿಗೆ ಸೇರಿಸಿದೆವು. ಸೇರಿಸುವಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಗುಂಪಿನ ಆಟ ಮಕ್ಕಳಿಗೆ ತುಂಬಾ ಒಳ್ಳೆಯದು, ನಾಲ್ಕು ಜನರ ಜೊತೆ ಹೊಂದಿಕೊಳ್ಳುವುದು ಕಲಿಯುತ್ತಾನೆ, ಮೈಯೂ ಗಟ್ಟಿಯಾಗುತ್ತದೆ ಅಂತ. ನಾನೂ ನಂಬಿದೆ. ಈಗ ನೋಡಿದರೆ ಪ್ರತಿ ಮ್ಯಾಚಿನಲ್ಲೂ ಅವನು ಬೆಂಚಿನ ಮೇಲೆ. ಕೊನೆಯ ಐದು ನಿಮಿಷ ಇರುವಾಗ, ಗೆಲುವೋ ಸೋಲೋ ಆಗಲೇ ಗೊತ್ತಾಗಿಬಿಟ್ಟಿದ್ದರೆ, ಒಳಗೆ ಕಳಿಸುತ್ತಾರೆ. ಕಳೆದ ವಾರ ಆ ಐದು ನಿಮಿಷವೂ ಸಿಗಲಿಲ್ಲ. ವಾಪಸ್ ಬರುವಾಗ ಅವನು ಅಳಲಿಲ್ಲ, ಅದೇ ನನಗೆ ಜಾಸ್ತಿ ಸಂಕಟ. "ಶೂ ಒಂಚೂರೂ ಕೊಳೆಯಾಗಿಲ್ಲ ನೋಡಮ್ಮ" ಅಂದ, ಅಷ್ಟೇ.

ಬಿಡಿಸಿ ಈಜಿಗೋ ಬ್ಯಾಡ್ಮಿಂಟನ್ನಿಗೋ ಹಾಕಲಾ? ಅಲ್ಲಿ ಅವನ ಪಾಲಿನದ್ದನ್ನು ಅವನೇ ಆಡಬೇಕು, ಬೇರೆ ದಾರಿ ಇಲ್ಲ. ಇವರು ಮಾತ್ರ "ಕೂತು ತಾಳ್ಮೆ ಕಲಿಯಲಿ ಬಿಡು" ಅನ್ನುತ್ತಾರೆ. ಗುಂಪಿನ ಆಟದಿಂದ ಮಕ್ಕಳಿಗೆ ನಿಜವಾಗಿ ಏನು ಸಿಗುತ್ತದೆ? ಅದು ಬೆಂಚಿನ ಮೇಲೆ ಕೂತರೂ ಸಿಗುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಪಿಟಿ ಮೇಷ್ಟ್ರು:
ಅಮ್ಮಾ, ಬೆಂಚಿನ ಮೇಲೆ ಕೂತರೆ ಬೆಂಚು ಅಭ್ಯಾಸವಾಗುತ್ತದೆ, ಅಷ್ಟೇ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ತಾಳ್ಮೆ ಕಲಿಯಲು ಆಟದ ಮೈದಾನವೇ ಬೇಕಾಗಿಲ್ಲ, ಡಾಕ್ಟರ ಹತ್ತಿರ ಟೋಕನ್ ತೆಗೆದುಕೊಂಡು ಕೂತರೂ ಬರುತ್ತದೆ.

ನಾನು ಫುಟ್‌ಬಾಲ್, ವಾಲಿಬಾಲ್, ಖೋ ಖೋ ಮೂರನ್ನೂ ಆಡಿಸಿದವನು. ಗುಂಪಿನ ಆಟದಲ್ಲಿ ಮಗುವಿಗೆ ಸಿಗುವ ದೊಡ್ಡ ಲಾಭ ಯಾವುದು ಅಂದರೆ "ಒಗ್ಗಟ್ಟು" ಅಂತ ಹೇಳುವುದಿಲ್ಲ. ಅದು ಬಹುಮಾನ ಹಂಚುವಾಗಿನ ಭಾಷಣದ ಪದ. ನಾನು ಕಣ್ಣಾರೆ ಕಂಡದ್ದು ಬೇರೆ. ಆರೇಳು ವರ್ಷದ ಮಕ್ಕಳನ್ನು ಮೈದಾನಕ್ಕೆ ಬಿಟ್ಟರೆ ಎಲ್ಲರೂ ಚೆಂಡಿನ ಸುತ್ತ ಜೇನಿನ ಹಾಗೆ ಮುತ್ತಿಕೊಳ್ಳುತ್ತಾರೆ. ತಮ್ಮ ಟೀಮಿನವನ ಕಾಲಿನಿಂದಲೇ ಚೆಂಡು ಕಿತ್ತುಕೊಳ್ಳುತ್ತಾರೆ, ಅವರಿಗೆ ಚೆಂಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಹೀಗೇ ಆಡುತ್ತಾ ಆಡುತ್ತಾ ಎಂಟೋ ಒಂಬತ್ತೋ ವರ್ಷಕ್ಕೆ ಒಂದು ದಿನ ಇದ್ದಕ್ಕಿದ್ದ ಹಾಗೆ ಒಂದು ಮಗು ಆ ಗುಂಪು ಬಿಟ್ಟು ಖಾಲಿ ಜಾಗಕ್ಕೆ ಓಡಿ ನಿಂತು "ಇಲ್ಲಿ, ಇಲ್ಲಿ ಕೊಡೋ" ಅಂತ ಕೂಗುತ್ತದೆ. ಚೆಂಡು ಇಟ್ಟುಕೊಂಡಿರುವವನಿಗೆ ಈಗ ಏನು ಬೇಕು, ಅವನ ಕಣ್ಣಿಗೆ ಯಾವ ದಾರಿ ಕಾಣುತ್ತಿದೆ ಅಂತ ಆ ಮಗು ಯೋಚನೆ ಮಾಡಿದೆ ಅಂತ ಅರ್ಥ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಆಗುವುದಿಲ್ಲ, ನಾನು ಪ್ರಯತ್ನ ಪಟ್ಟು ಸೋತಿದ್ದೇನೆ. ಹೊರಗೆ ಕೂತು ನೋಡಿದರೂ ಬರುವುದಿಲ್ಲ.

ಕೂರುವ ವಿಷಯಕ್ಕೇ ಬಂದರೆ ಖೋ ಖೋ ನೋಡಿ. ಅಟ್ಟುವ ತಂಡದ 9 ಜನರಲ್ಲಿ 8 ಜನ ಕೂತೇ ಇರುತ್ತಾರೆ. ಆದರೆ ಯಾರೂ ಆಟದಿಂದ ಹೊರಗಿಲ್ಲ. ಬೆನ್ನ ಹಿಂದೆ ಯಾವಾಗ "ಖೋ" ಬೀಳುತ್ತದೋ ಗೊತ್ತಿಲ್ಲ, ಕಾಲಿನ ಬೆರಳು ನೆಲಕ್ಕೆ ಒತ್ತಿಕೊಂಡೇ ಇರಬೇಕು. ಕೂರುವುದೂ ಆಟವೇ ಆಗಿರುವ ಕೂರುವಿಕೆ ಅದು. ನಿಮ್ಮ ಮಗನದ್ದು ಹಾಗಲ್ಲ.

ಹೋಗಿ ಕೋಚ್ ಹತ್ತಿರ ಮಾತಾಡಿ. "ನನ್ನ ಮಗನನ್ನು ಯಾಕೆ ಆಡಿಸುತ್ತಿಲ್ಲ" ಅಂತ ಕೇಳಬೇಡಿ, ಆಗ ಅವರು ಗೋಡೆ ಕಟ್ಟಿಕೊಳ್ಳುತ್ತಾರೆ. "ಈ ವಯಸ್ಸಿನವರಿಗೆ ಮ್ಯಾಚಿನ ಸಮಯ ಹೇಗೆ ಹಂಚುತ್ತೀರಿ" ಅಂತ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಟೀಮು ಮಕ್ಕಳಿಗಾಗಿ ಇದೆಯೋ ಕಪ್ಪಿಗಾಗಿ ಇದೆಯೋ ಗೊತ್ತಾಗುತ್ತದೆ.

ಎಲ್ಲಾ ಬಲ್ಲವ:
ಇಷ್ಟೆಲ್ಲಾ ತಲೆಬಿಸಿ ಯಾಕೆ. ನಾವು ಚಿಕ್ಕವರಿದ್ದಾಗ ಕೋಚೂ ಇರಲಿಲ್ಲ, ಬೆಂಚೂ ಇರಲಿಲ್ಲ. ಎಷ್ಟು ಜನ ಬಂದರೋ ಅಷ್ಟು ಜನ ಎರಡು ಪಾಲಾಗಿ ಆಡುತ್ತಿದ್ದೆವು. ಒಬ್ಬ ಜಾಸ್ತಿ ಆದರೆ ಅವನು ಎರಡೂ ಕಡೆಗೆ. ಒಂದು ಕಡೆ ತೀರಾ ಬಲ ಆದರೆ ಆಟದ ಮಧ್ಯದಲ್ಲೇ ಇಬ್ಬರನ್ನು ಅದಲು ಬದಲು ಮಾಡುತ್ತಿದ್ದೆವು, ಯಾಕೆಂದರೆ ಏಕಪಕ್ಷೀಯ ಆಟ ಯಾರಿಗೂ ಮಜಾ ಕೊಡುವುದಿಲ್ಲ, ಸೋಲುವವರು ಎದ್ದು ಹೋದರೆ ಗೆಲ್ಲುವವರಿಗೂ ಆಟ ಇಲ್ಲ. ದೊಡ್ಡವರು ಯೂನಿಫಾರ್ಮ್ ಹಾಕಿಸಿ ಸೀಟಿ ಊದಿದ ಮೇಲೆಯೇ ಇದೆಲ್ಲ ಶುರುವಾಗಿದ್ದು.

ಒಂಟಿ ಈಜುಗಾರ:
@ಎಲ್ಲಾ ಬಲ್ಲವ, ಆ ಎರಡು ಪಾಲು ಮಾಡುವಾಗ ಕೊನೆಗೆ ಉಳಿಯುತ್ತಿದ್ದವನು ನಾನು. ನಿಮಗೆ ಅದು ನೆನಪಿರಲಿಕ್ಕಿಲ್ಲ, ನನಗೆ ಇದೆ. ಇಬ್ಬರು ಕ್ಯಾಪ್ಟನ್ನರು ನಿಂತು ಒಬ್ಬೊಬ್ಬರನ್ನೇ ಕರೆಯುತ್ತಾರೆ, ಕೊನೆಗೆ "ಇವನನ್ನು ನೀನೇ ಇಟ್ಕೋ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ಮುಂದೆ ಕೋಚ್ ಇದ್ದ ಟೀಮಿಗೂ ಸೇರಿದೆ. ಅಲ್ಲಿ ನಾನು ಒಂದು ಕ್ಯಾಚ್ ಬಿಟ್ಟರೆ ವಾರವಿಡೀ ಅದನ್ನೇ ಆಡಿಕೊಳ್ಳುತ್ತಿದ್ದರು. ಅದೂ ಗುಂಪಿನ ಆಟವೇ ಅಲ್ವಾ? ಗುಂಪು ಕಟ್ಟಿಕೊಂಡು ಒಬ್ಬನನ್ನು ಗೋಳುಹೊಯ್ದುಕೊಳ್ಳುವುದು.

13ಕ್ಕೆ ಈಜಲು ಶುರು ಮಾಡಿದೆ. ನೀರಿನೊಳಗೆ ಯಾರ ಮಾತೂ ಕೇಳಿಸುವುದಿಲ್ಲ. ನಿನ್ನೆಯ ನನಗಿಂತ ಇವತ್ತಿನ ನಾನು ಎರಡು ಸೆಕೆಂಡು ಬೇಗ ಬಂದೆನಾ, ಅಷ್ಟೇ ಲೆಕ್ಕ. ನನ್ನನ್ನು ಉಳಿಸಿದ್ದು ಅದು. ಹಾಗಾಗಿ ಗುಂಪಿನ ಆಟ ಎಲ್ಲ ಮಕ್ಕಳಿಗೂ ಒಳ್ಳೆಯದು ಅಂತ ಕಣ್ಣುಮುಚ್ಚಿ ಹೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಅಕ್ಕಾ, ನಿಮ್ಮ ಹುಡುಗನಿಗೆ ಈಜು ಇಷ್ಟ ಇದ್ದರೆ ಧೈರ್ಯವಾಗಿ ಹಾಕಿ.

ಲೆಕ್ಕದ ಮನುಷ್ಯ:
ಇಬ್ಬರ ಮಾತಿಗೂ ಒಂದಿಷ್ಟು ಅಂಕಿ ಸೇರಿಸುತ್ತೇನೆ. 2022ರಲ್ಲಿ ಪ್ಲಾಸ್ ಒನ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಅಮೆರಿಕದ 9ರಿಂದ 13 ವರ್ಷದ 11,235 ಮಕ್ಕಳ ಅಧ್ಯಯನ ಒಂದು ಬಂತು. ಯಾವ ಆಟವನ್ನೂ ಆಡದ ಮಕ್ಕಳಿಗೆ ಹೋಲಿಸಿದರೆ ಗುಂಪಿನ ಆಟ ಆಡುವವರಲ್ಲಿ ಆತಂಕ, ಖಿನ್ನತೆ, ಒಳಗೊಳಗೇ ಮುದುಡಿಕೊಳ್ಳುವುದು, ಗಮನ ಕೊಡಲು ಆಗದಿರುವುದು, ಇವೆಲ್ಲ ಕಡಿಮೆ ಕಂಡವು. ಒಂಟಿ ಆಟ ಮಾತ್ರ ಆಡುವವರಲ್ಲಿ ಏನೂ ಆಡದವರಿಗಿಂತಲೂ ಇವು ಜಾಸ್ತಿ ಕಂಡವು. ಈ ಎರಡನೆಯದನ್ನು ಆ ಸಂಶೋಧಕರೇ ನಿರೀಕ್ಷಿಸಿರಲಿಲ್ಲ.

ಈಜುಗಾರರೇ, ಕೋಪ ಮಾಡಿಕೊಳ್ಳುವ ಮೊದಲು ಮುಂದಿನದ್ದನ್ನೂ ಓದಿ. ಇದು ಒಂದರ ಜೊತೆ ಇನ್ನೊಂದು ಕಂಡಿತು ಅನ್ನುವ ಲೆಕ್ಕ, ಒಂದರಿಂದ ಇನ್ನೊಂದು ಆಯಿತು ಅನ್ನುವ ಲೆಕ್ಕ ಅಲ್ಲ. ಮೊದಲೇ ನಾಚಿಕೆ ಸ್ವಭಾವದ, ಆತಂಕದ ಮಕ್ಕಳು ತಾವಾಗಿಯೇ ಒಂಟಿ ಆಟಕ್ಕೆ ಹೋಗಿರಬಹುದು, ನಿಮ್ಮ ಹಾಗೆ. ಇನ್ನೊಂದು, 11,235 ಮಕ್ಕಳ ಸರಾಸರಿಯಲ್ಲಿ ನಿಮ್ಮ ಮಗು ಎಲ್ಲಿದೆ ಅಂತ ಯಾವ ಪತ್ರಿಕೆಯೂ ಹೇಳುವುದಿಲ್ಲ. ಆದರೂ ದಿಕ್ಕು ಗೊತ್ತಾಗುತ್ತದೆ. ಒಂದು ಜಾಗದಲ್ಲಿ ತನಗಾಗಿ ಕಾಯುವ ಆರೇಳು ಜನ ಇದ್ದಾರೆ, ತಾನು ಬರದಿದ್ದರೆ ಅವರಿಗೆ ಒಬ್ಬ ಕಡಿಮೆ ಆಗುತ್ತಾನೆ ಅನ್ನುವುದು ಮಗುವಿಗೆ ಸಣ್ಣ ವಿಷಯ ಅಲ್ಲ.

@ಬೆಂಚಿಗೆ ಅಂಟಿದವನ ಅಮ್ಮ, ಒಂದು ಪ್ರಶ್ನೆ. ಟೀಮಿನ ವಯಸ್ಸಿನ ಲೆಕ್ಕ ಯಾವ ತಿಂಗಳಿನಿಂದ ಶುರು, ನಿಮ್ಮ ಮಗ ಹುಟ್ಟಿದ್ದು ಯಾವ ತಿಂಗಳು?

ಬೆಂಚಿಗೆ ಅಂಟಿದವನ ಅಮ್ಮ:
ಜನವರಿಯಿಂದ ಲೆಕ್ಕ. ಇವನು ನವೆಂಬರ್ ಕೊನೆ. ಟೀಮಿನಲ್ಲಿ ಎಲ್ಲರಿಗಿಂತ ಪುಟ್ಟವನು ಇವನೇ. ಯಾಕೆ?

ಲೆಕ್ಕದ ಮನುಷ್ಯ:
ಅಂದುಕೊಂಡೆ. 1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿದರು. ಅಲ್ಲೂ ಜನವರಿಯಿಂದಲೇ ವಯಸ್ಸಿನ ಲೆಕ್ಕ. ಮೇಲಿನ ಹಂತದ ಟೀಮುಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು. ಆಮೇಲೆ ಫುಟ್‌ಬಾಲಿನಲ್ಲೂ ಬೇರೆ ಆಟಗಳಲ್ಲೂ ಇದೇ ಸಿಕ್ಕಿತು. ಕಾರಣ ಸರಳ. 9 ವರ್ಷದವರಲ್ಲಿ ಹನ್ನೊಂದು ತಿಂಗಳ ಅಂತರ ಅಂದರೆ ಕಾಲಿನ ಉದ್ದದಲ್ಲಿ, ತೂಕದಲ್ಲಿ, ಓಟದಲ್ಲಿ ಎಷ್ಟು ವ್ಯತ್ಯಾಸ ನೋಡಿ. ಕೋಚ್ ಅದನ್ನು ಪ್ರತಿಭೆ ಅಂದುಕೊಳ್ಳುತ್ತಾರೆ. ದೊಡ್ಡ ಮಗುವಿಗೆ ಜಾಸ್ತಿ ಆಟ ಸಿಗುತ್ತದೆ, ಜಾಸ್ತಿ ಆಡಿದ್ದರಿಂದ ನಿಜವಾಗಿಯೂ ಚೆನ್ನಾಗಿ ಆಡತೊಡಗುತ್ತದೆ. ಚಿಕ್ಕದು ಬೆಂಚಿನ ಮೇಲೆ ಕೂತು "ನನಗೆ ಆಟ ಬರಲ್ಲ" ಅಂತ ತೀರ್ಮಾನ ಮಾಡಿಕೊಂಡು ಹೊರಟುಹೋಗುತ್ತದೆ. ನಿಮ್ಮ ಮಗನಿಗೆ ಇದೊಂದನ್ನು ಹೇಳಿ: ನೀನು ಕೆಟ್ಟ ಆಟಗಾರ ಅಲ್ಲ ಪುಟ್ಟಾ, ನೀನು ನವೆಂಬರ್.

ಸೈಡ್‌ಲೈನ್ ಅಪ್ಪ:
"ನೀನು ನವೆಂಬರ್" ಓದಿ ನಕ್ಕುಬಿಟ್ಟೆ. ನನ್ನ ಮಗಳು ಡಿಸೆಂಬರ್, ಈಗ ಗೊತ್ತಾಯಿತು.

ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ನಾನು ಗೆರೆಯ ಪಕ್ಕ ನಿಂತು ಕಿರುಚುವ ಅಪ್ಪ ಆಗಿದ್ದೆ. ಬಯ್ಯುತ್ತಿರಲಿಲ್ಲ, ಹುರಿದುಂಬಿಸುತ್ತಿದ್ದೇನೆ ಅಂತಲೇ ನನ್ನ ನಂಬಿಕೆ. "ಪಾಸ್ ಮಾಡು, ಹಿಂದೆ ಬಾ, ಶೂಟ್ ಮಾಡು, ಅಯ್ಯೋ." ಒಂದು ದಿನ ಇನ್ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿದೆ. ಪ್ರತಿ ಸಲ ಚೆಂಡು ಸಿಕ್ಕ ಕೂಡಲೇ ನನ್ನ ಮಗಳು ನೋಡುತ್ತಿದ್ದದ್ದು ತನ್ನ ಟೀಮಿನವರನ್ನಲ್ಲ, ನನ್ನನ್ನು. ಮೇಷ್ಟ್ರು ಹೇಳಿದ ಆ ಜೊತೆಯವರನ್ನು ನೋಡಿ ಯೋಚಿಸುವುದು ಇದೆಯಲ್ಲ, ಅದನ್ನು ನಾನೇ ಕಿತ್ತುಕೊಂಡಿದ್ದೆ. ನಾನು ಅವಳ ರಿಮೋಟ್ ಆಗಿದ್ದೆ. ಈಗ ನಾನು ಮೈದಾನದ ಆ ತುದಿಗೆ, ಎದುರಾಳಿಗಳ ಕಡೆಯ ಮೂಲೆಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಕೂಗಿದರೆ ನನಗೇ ನಾಚಿಕೆ, ಹಾಗಾಗಿ ಬಾಯಿ ಮುಚ್ಚಿರುತ್ತದೆ.

ಹದಿನಾರರ ಸೆಟ್ಟರ್:
ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನ್ಸುತ್ತೆ, ಆದರೂ ಹೇಳ್ತೀನಿ. ಅಂಕಲ್, ಇನ್ನೊಂದು ಸೇರಿಸಿಕೊಳ್ಳಿ, ಮ್ಯಾಚ್ ಮುಗಿಸಿ ವಾಪಸ್ ಹೋಗುವ ದಾರಿಯಲ್ಲಿ ಆಟದ ಬಗ್ಗೆ ಮಾತು ಬೇಡ. ಸೋತ ದಿನವಂತೂ ಬೇಡವೇ ಬೇಡ. ನನಗೆ ಎಲ್ಲಿ ತಪ್ಪಾಯಿತು ಅಂತ ನನಗೆ ಗೊತ್ತಿರುತ್ತದೆ, ಆ ಹೊತ್ತಿಗೆ ಅದು ತಲೆಯಲ್ಲಿ ನೂರು ಸಲ ಓಡಿರುತ್ತದೆ. ಸುಮ್ನೆ ಹಾಡು ಹಾಕಿ.

ನಾನು 10ನೇ ವಯಸ್ಸಿನಿಂದ ವಾಲಿಬಾಲ್ ಆಡುತ್ತಿದ್ದೇನೆ. ಈ ಆಟದಲ್ಲಿ ನನಗೆ ಇಷ್ಟ ಏನು ಗೊತ್ತಾ, ಅಡಗಿಕೊಳ್ಳಲು ಆಗುವುದಿಲ್ಲ. ಎದುರಾಳಿಯಿಂದ ಸರ್ವ್ ಗೆದ್ದಾಗಲೆಲ್ಲ ಆರು ಜನರೂ ಒಂದೊಂದು ಜಾಗ ಸುತ್ತಬೇಕು. ಮುಂದಿದ್ದವಳು ಹಿಂದೆ ಬರಲೇಬೇಕು, ಸರ್ವ್ ಬರದವಳೂ ಸರ್ವ್ ಮಾಡಲೇಬೇಕು. ಚೆನ್ನಾಗಿ ಆಡುವವಳೇ ಎಲ್ಲ ಚೆಂಡನ್ನೂ ಹೊಡೆಯಲು ನಿಯಮವೇ ಬಿಡುವುದಿಲ್ಲ, ಒಬ್ಬಳೇ ಸತತವಾಗಿ ಎರಡು ಸಲ ಮುಟ್ಟುವಂತಿಲ್ಲ. ನಾನು ಸೆಟ್ಟರ್. ನಾನು ಚೆಂಡು ಎತ್ತಿಕೊಡುತ್ತೇನೆ, ಇನ್ನೊಬ್ಬಳು ಹೊಡೆಯುತ್ತಾಳೆ, ಚಪ್ಪಾಳೆ ಅವಳಿಗೆ. ಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಯಾರಿಗೆ ಎಷ್ಟು ಎತ್ತರ ಬೇಕು, ಯಾರು ಇವತ್ತು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾಳೆ, ಅವಳಿಗೆ ಮೊದಲು ಒಂದು ಸುಲಭದ ಚೆಂಡು ಕೊಡಬೇಕಾ, ಇದೆಲ್ಲ ನೋಡುವುದೇ ನನ್ನ ಕೆಲಸ ಆಗಿದೆ. ಇದು ಬೇರೆ ಎಲ್ಲೂ ನನಗೆ ಯಾರೂ ಕಲಿಸಿಲ್ಲ.

ಒಂದು ಬೇಜಾರು ಅಂದರೆ ಶುರುವಲ್ಲಿ ನಾವು 14 ಹುಡುಗಿಯರಿದ್ದೆವು, ಈಗ 5. ಯಾರಿಗೂ ಆಟ ಬೇಜಾರಾಗಿ ಬಿಟ್ಟದ್ದಲ್ಲ. ಪರೀಕ್ಷೆ ಅಂತ ಬಿಡಿಸಿದರು, ಬಟ್ಟೆ ಬದಲಿಸಲು ಸರಿಯಾದ ಜಾಗ ಇರಲಿಲ್ಲ, ಮುಟ್ಟಿನ ದಿನಗಳಲ್ಲಿ ಬಿಳಿ ಚಡ್ಡಿ ಹಾಕಲ್ಲ ಅಂತ ಹೇಳುವುದು ಹೇಗೆ ಅಂತ ಗೊತ್ತಾಗದೆ ಇಬ್ಬರು ಬರುವುದೇ ನಿಲ್ಲಿಸಿದರು.

ಲೆಕ್ಕದ ಮನುಷ್ಯ:
ಈ ಕೊನೆಯ ಪ್ಯಾರಾ ಎಲ್ಲ ಕೋಚ್‌ಗಳೂ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಜನ ದಿನಕ್ಕೆ ಒಂದು ಗಂಟೆಯಷ್ಟೂ ಮೈ ದಂಡಿಸುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಒಂದು ಬಣ್ಣದ ಚಡ್ಡಿಯಿಂದ ಆ ಅಂತರ ಪೂರ್ತಿ ಹೋಗಲ್ಲ, ಆದರೆ ಆ ಇಬ್ಬರು ಉಳಿಯುತ್ತಿದ್ದರು.

ಫಿಸಿಯೋ ಅಕ್ಕ:
ಮನಸ್ಸಿನ ಬಗ್ಗೆ ತುಂಬಾ ಬಂತು, ಸ್ವಲ್ಪ ಮೈಯ ಬಗ್ಗೆ. ಈಜು ಒಳ್ಳೆಯದಾ ಫುಟ್‌ಬಾಲ್ ಒಳ್ಳೆಯದಾ ಅಂತ ನನ್ನ ಹತ್ತಿರವೂ ಕೇಳುತ್ತಾರೆ. ಎದೆ, ಉಸಿರಿಗೆ ಎರಡೂ ಒಳ್ಳೆಯದು. ಆದರೆ ಮೂಳೆಗೆ ಹೊಡೆತ ಬೇಕು. ಓಡುವುದು, ಹಾರುವುದು, ತಟ್ಟನೆ ನಿಂತು ತಿರುಗುವುದು, ಇವುಗಳಿಂದ ಬೀಳುವ ಭಾರಕ್ಕೆ ಮೂಳೆ ದಟ್ಟವಾಗುತ್ತದೆ. ನೀರು ಮೈಯನ್ನು ಹೊತ್ತುಕೊಳ್ಳುವುದರಿಂದ ಈಜಿನಲ್ಲಿ ಆ ಭಾರ ಇಲ್ಲ. ಜೀವಮಾನಕ್ಕೆ ಬೇಕಾದ ಮೂಳೆಯ ಬಹುಪಾಲು 20 ವರ್ಷದೊಳಗೇ ಕಟ್ಟಿಕೊಳ್ಳುವುದು, ಹಾಗಾಗಿ ಈ ವಯಸ್ಸಿನ ಹಾರಾಟ ಮುಪ್ಪಿಗೆ ಹಾಕುವ ಇಡುಗಂಟು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಅಂತ ಹೇಳುವುದರ ಜೊತೆಗೆ ವಾರಕ್ಕೆ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿ ಮಾಡುವಂಥದ್ದು ಇರಲಿ ಅನ್ನುತ್ತದೆ. ಈಜುವ ಮಗು ವಾರಕ್ಕೆ ಮೂರು ದಿನ ಸುಮ್ನೆ ಸ್ಕಿಪ್ಪಿಂಗ್ ಮಾಡಿದರೂ ಸಾಕು, ಗಾಬರಿ ಬೇಡ.

ನನ್ನ ಜಗಳ ಇನ್ನೊಂದರ ಮೇಲೆ. ಮಗು ಚೆನ್ನಾಗಿ ಆಡುತ್ತದೆ ಅಂತ ಗೊತ್ತಾದ ಕೂಡಲೇ ವರ್ಷವಿಡೀ ಅದೊಂದೇ ಆಟ. ನನ್ನ ಹತ್ತಿರ ಬರುವ 10-12 ವರ್ಷದವರಲ್ಲಿ ಹಿಮ್ಮಡಿ ನೋವು, ಮಂಡಿಯ ಕೆಳಗಿನ ಗಂಟು ನೋವು ಇಲ್ಲದವರು ಕಡಿಮೆ. ಮೂಳೆ ಬೆಳೆಯುವ ತುದಿಯನ್ನು ಸ್ನಾಯು ಎಳೆದೆಳೆದು ಬರುವ ನೋವು ಅದು, ವಿಶ್ರಾಂತಿ ಕೊಟ್ಟರೆ ಹೋಗುತ್ತದೆ, ಆದರೆ ಕೊಡುವವರು ಯಾರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು: ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15-16ರವರೆಗೆ ಮುಂದೂಡಿ, ವಾರಕ್ಕೆ ಒಂದೆರಡು ದಿನ ಬಿಡುವು, ವರ್ಷದಲ್ಲಿ ತಿಂಗಳು ತಿಂಗಳಾಗಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು. ಜೊತೆಗೆ ವಾರ್ಮ್ ಅಪ್. ಫಿಫಾದವರ "11 ಪ್ಲಸ್ ಕಿಡ್ಸ್" ಅಂತ ಒಂದಿದೆ, 15-20 ನಿಮಿಷದ್ದು, ಒಂಟಿ ಕಾಲಲ್ಲಿ ನಿಲ್ಲುವುದು, ಹಾರಿ ಇಳಿಯುವುದು, ಬೀಳುವುದನ್ನೇ ಅಭ್ಯಾಸ ಮಾಡುವುದು. 7ರಿಂದ 13 ವರ್ಷದವರ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದಾಗ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಒಂದು ಪೈಸೆ ಖರ್ಚಿಲ್ಲದ ಕೆಲಸ. ಮತ್ತೆ ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ ಅವತ್ತು ವಾಪಸ್ ಒಳಗೆ ಬಿಡಬೇಡಿ. ಫೈನಲ್ ಆದರೂ ಸರಿ.

ಪಿಟಿ ಮೇಷ್ಟ್ರು:
ಅಕ್ಕಾ ಹೇಳಿದ್ದಕ್ಕೆ ನೂರಕ್ಕೆ ನೂರು. ಒಂದು ಸೇರಿಸುತ್ತೇನೆ, ದೊಡ್ಡವರ ಸಾಮಾನು ಮಕ್ಕಳ ಕೈಗೆ ಕೊಡಬೇಡಿ. 8ರಿಂದ 12ರವರಿಗೆ 4ನೇ ಸೈಜಿನ ಫುಟ್‌ಬಾಲ್, ಅದಕ್ಕಿಂತ ಚಿಕ್ಕವರಿಗೆ 3. ಮಿನಿ ಬಾಸ್ಕೆಟ್‌ಬಾಲಿನಲ್ಲಿ ರಿಂಗ್ 2.60 ಮೀಟರ್ ಎತ್ತರ, ದೊಡ್ಡವರದ್ದು 3.05. ಆ 45 ಸೆಂಟಿಮೀಟರಿನಲ್ಲಿ ಎಷ್ಟು ಮಕ್ಕಳು ಆಟ ಬಿಟ್ಟು ಹೋಗಿದ್ದಾರೋ. ಹಾಗೇ 11 ಜನರ ಆಟವನ್ನು ಚಿಕ್ಕವರಿಗೆ ಆಡಿಸುವುದು ತಪ್ಪು. ಐದೈದು ಜನರ ಆಟ ಇಡಿ, ಮೈದಾನ ಎರಡು ಭಾಗ ಮಾಡಿ, ಬೆಂಚೇ ಬೇಕಾಗುವುದಿಲ್ಲ. ಪ್ರತಿಯೊಬ್ಬರ ಕಾಲಿಗೂ ಎಷ್ಟೋ ಸಲ ಚೆಂಡು ಬರುತ್ತದೆ.

ಎಲ್ಲಾ ಬಲ್ಲವ:
ಎಲ್ಲರಿಗೂ ಸಮ ಸಮ ಆಟ, ಸೋಲು ಗೆಲುವು ಲೆಕ್ಕ ಇಲ್ಲ, ಎಲ್ಲರಿಗೂ ಒಂದೊಂದು ಪದಕ. ಹೀಗೆ ಮೆತ್ತಗೆ ಬೆಳೆಸಿದರೆ ಮುಂದೆ ಗೆಲ್ಲುವವರು ಯಾರು ಸ್ವಾಮಿ?

ಲೆಕ್ಕದ ಮನುಷ್ಯ:
ನಾರ್ವೆ. ತಮಾಷೆ ಅಲ್ಲ. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಆಟಕ್ಕೆ ಅಂತಲೇ ನಿಯಮ ಮಾಡಿದೆ. 2007ರ ನಿಯಮದ ಪ್ರಕಾರ ಮಗುವಿಗೆ 11 ತುಂಬುವ ವರ್ಷದವರೆಗೆ ಅಂಕಪಟ್ಟಿ, ರ್‍ಯಾಂಕಿಂಗ್ ಹಾಕುವಂತಿಲ್ಲ, ರಾಷ್ಟ್ರೀಯ ಚಾಂಪಿಯನ್‌ಶಿಪ್ 13 ತುಂಬುವ ವರ್ಷದಿಂದ ಮಾತ್ರ. 2022ರಲ್ಲಿ ಸುಮಾರು 54 ಲಕ್ಷ ಜನ ಇದ್ದ ದೇಶ ಅದು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 37 ಪದಕ, ಅದರಲ್ಲಿ 16 ಚಿನ್ನ. ಆ ಕೂಟದಲ್ಲಿ ಅವರೇ ಮೊದಲು.

ಒಂಟಿ ಈಜುಗಾರ:
ಅದರಲ್ಲಿ ಹೆಚ್ಚಿನವು ಸ್ಕೀಯಿಂಗ್, ಒಂಟಿ ಆಟ. ಸುಮ್ನೆ ಜ್ಞಾಪಿಸಿದೆ :)

ಲೆಕ್ಕದ ಮನುಷ್ಯ:
ಒಪ್ಪಿದೆ. ಹಣ, ಹಿಮ ಎರಡೂ ಅವರ ಹತ್ತಿರ ಬೇಕಾದಷ್ಟಿದೆ ಅನ್ನುವುದನ್ನೂ ಒಪ್ಪಿದೆ. ನಾನು ಹೇಳಿದ್ದು, 10 ವರ್ಷದವರ ಅಂಕಪಟ್ಟಿ ಹಾಕದಿದ್ದರೆ ದೇಶ ಮುಳುಗುವುದಿಲ್ಲ ಅಂತ ಮಾತ್ರ.

ಹಳೇ ಗೋಲ್‌ಕೀಪರ್:
ಎಲ್ಲಾ ಬಲ್ಲವರೇ, ಸೋಲಿನ ಬಗ್ಗೆ ನನ್ನ ಹತ್ತಿರ ಕೇಳಿ. ಗೋಲ್‌ಕೀಪರ್ ತಪ್ಪು ಮಾಡಿದರೆ ಅದು ಬಲೆಯೊಳಗೆ ಬಿದ್ದಿರುತ್ತದೆ, ಎಲ್ಲರಿಗೂ ಕಾಣುತ್ತದೆ, ಹೋಗಿ ಬಗ್ಗಿ ನಾನೇ ಎತ್ತಿ ತರಬೇಕು. 12 ವರ್ಷದವನಾಗಿದ್ದಾಗ ಒಂದು ಮ್ಯಾಚಿನಲ್ಲಿ ಉರುಳಿಕೊಂಡು ಬಂದ ಚೆಂಡನ್ನು ಕಾಲುಗಳ ನಡುವೆ ಬಿಟ್ಟೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನಮ್ಮ ಡಿಫೆಂಡರ್ ಒಬ್ಬ ಬಂದು "ಮುಂದಿನ ಕಾರ್ನರ್‌ಗೆ ನಾನು ಹತ್ತಿರದ ಕಂಬಕ್ಕೆ ನಿಲ್ಲಲಾ, ದೂರದ್ದಕ್ಕಾ?" ಅಂತ ಕೇಳಿದ. ಸಮಾಧಾನ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ. ಕೆಲಸದ ಪ್ರಶ್ನೆ ಕೇಳಿದ. ನಾನು ಇನ್ನೂ ಆಟದಲ್ಲಿದ್ದೇನೆ, ನನ್ನ ಮಾತಿಗೆ ಇನ್ನೂ ಬೆಲೆ ಇದೆ ಅಂತ ಅದರಿಂದಲೇ ಗೊತ್ತಾಯಿತು. ಹತ್ತಿರದ್ದಕ್ಕೆ ಅಂದೆ. ಆ ಮ್ಯಾಚ್ ಸೋತೆವು, ಅದು ಬೇರೆ ವಿಷಯ. ಇವತ್ತು ಆಫೀಸಿನಲ್ಲಿ ಯಾರಾದರೂ ದೊಡ್ಡ ಎಡವಟ್ಟು ಮಾಡಿಕೊಂಡು ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ನಾನು ಹೋಗಿ ಮುಂದಿನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳುತ್ತೇನೆ.

ಈಜುಗಾರ ತಮ್ಮಾ, ನಿನ್ನ ಟೀಮಿನಲ್ಲಿ ಅಂಥವನು ಒಬ್ಬನೂ ಇರಲಿಲ್ಲ, ಅದು ನಿನ್ನ ತಪ್ಪಲ್ಲ. ಕ್ಯಾಚ್ ಬಿಟ್ಟವನನ್ನು ಆಡಿಕೊಂಡ ಮೊದಲ ದಿನವೇ ಕೋಚ್ ಅದನ್ನು ನಿಲ್ಲಿಸಬೇಕಿತ್ತು.

ಒಂಟಿ ಈಜುಗಾರ:
ಥ್ಯಾಂಕ್ಸ್ ಅಣ್ಣಾ. ನಿಜ ಹೇಳಬೇಕೆಂದರೆ ಈಜಿನಲ್ಲೂ ನನಗೆ ಅತಿ ಹೆಚ್ಚು ನೆನಪಿರುವುದು ರಿಲೇ. ನಾಲ್ಕು ಜನ. ನಾನು ನೀರಿನಿಂದ ಹತ್ತಿದಾಗ ಮೂವರು ನನ್ನ ಹೆಸರು ಕೂಗುತ್ತಿದ್ದರು. ಆದರೂ ನನ್ನ ಮಾತು ಬದಲಾಗಿಲ್ಲ, ಕೆಟ್ಟ ಟೀಮಿಗಿಂತ ಒಂಟಿ ಆಟ ಮೇಲು.

ಪಿಟಿ ಮೇಷ್ಟ್ರು:
ಅದರಲ್ಲಿ ನನ್ನದೇನೂ ತಕರಾರಿಲ್ಲ.

ಬೆಂಚಿಗೆ ಅಂಟಿದವನ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರದ ಮೇಲೆ ಬಂದು ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಪ್ರಶ್ನೆಯನ್ನು ಹಾಗೆ ಹಾಗೇ ಕೇಳಿದೆ. ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು "ನಿಜ ಹೇಳಬೇಕೆಂದರೆ ಹಂಚುವುದಿಲ್ಲ ಮೇಡಂ, ಗೆಲ್ಲದಿದ್ದರೆ ಅಪ್ಪಂದಿರು ನನ್ನನ್ನು ಬಿಡುವುದಿಲ್ಲ" ಅಂದರು. ಅವರ ಮೇಲಿದ್ದ ಅರ್ಧ ಕೋಪ ಅಲ್ಲೇ ಹೋಯಿತು. ಎಲ್ಲ ಅಪ್ಪ ಅಮ್ಮಂದಿರನ್ನೂ ಕೂರಿಸಿ ಒಂದು ಮಾತಾಡಿದೆವು. ಇಬ್ಬರು ಒಪ್ಪಲಿಲ್ಲ, ತಮ್ಮ ಮಕ್ಕಳನ್ನು ಬೇರೆ ಕಡೆ ಹಾಕುತ್ತೇವೆ ಅಂದರು. ಉಳಿದವರು ಈ ಸೀಸನ್ ಮುಗಿಯುವವರೆಗೆ ಪ್ರತಿ ಮಗುವಿಗೂ ಅರ್ಧ ಮ್ಯಾಚ್ ಅಂತ ಒಪ್ಪಿಕೊಂಡಿದ್ದಾರೆ. ಎರಡು ಮ್ಯಾಚ್ ಆಯಿತು, ಎರಡೂ ಸೋತಿದ್ದೇವೆ. ಒಬ್ಬ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಮಗನಿಗೆ "ನೀನು ನವೆಂಬರ್" ಅಂತ ಹೇಳಿದೆ. ಅವನು ಟೀಮಿನಲ್ಲಿ ಎಲ್ಲರ ಹುಟ್ಟಿದ ತಿಂಗಳು ಕೇಳಿ ಬರೆದುಕೊಂಡು ಬಂದಿದ್ದಾನೆ. ಈಜಿಗೂ ವಾರಕ್ಕೆ ಎರಡು ದಿನ ಹೋಗುತ್ತೇನೆ ಅನ್ನುತ್ತಾನೆ, ಸರಿ ಅಂದೆ. ಇವರು ಇನ್ನೂ ತಾಳ್ಮೆ ಅಂತಲೇ ಅನ್ನುತ್ತಿದ್ದಾರೆ, ಆದರೆ ಮೊನ್ನೆ ಅವನ ಅರ್ಧ ಶುರುವಾದಾಗ ಕುರ್ಚಿಯಿಂದ ಮೊದಲು ಎದ್ದವರು ಅವರೇ.

ಈಗ ಒಂದು ಪ್ರಶ್ನೆ ಹಳೇ ಗೋಲ್‌ಕೀಪರ್ ಅವರಿಗೆ. ಕೀಪರ್ ಹುಡುಗ ಟೀಮು ಬಿಟ್ಟ ಇಬ್ಬರಲ್ಲಿ ಒಬ್ಬ. ಯಾರು ನಿಲ್ಲುತ್ತೀರಿ ಅಂತ ಕೇಳಿದಾಗ ಇವನು ಕೈ ಎತ್ತಿಬಿಟ್ಟಿದ್ದಾನೆ. ಎಲ್ಲರಿಗಿಂತ ಪುಟ್ಟವನು, ಗೋಲಿನಲ್ಲಿ! ಗ್ಲೌಸ್ ಯಾವ ಅಳತೆ ತೆಗೆದುಕೊಳ್ಳಬೇಕು?

ಹಳೇ ಗೋಲ್‌ಕೀಪರ್:
ಅಕ್ಕಾ, ಅವನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಹಾಕಿಸಿ ನೋಡಿ. ಬೆರಳ ತುದಿಯಲ್ಲಿ ಚೂರು ಜಾಗ ಇರಲಿ, ಬೆಳೆಯುತ್ತಾನೆ ಅಂತ ತೀರಾ ದೊಡ್ಡದು ಬೇಡ, ಜಾರುತ್ತದೆ. ಮಣಿಕಟ್ಟಿನ ಪಟ್ಟಿ ಅವನೇ ಬಿಗಿದುಕೊಳ್ಳುವಂತಿರಬೇಕು. ಬಳಸುವ ಮೊದಲು ಅಂಗೈಯನ್ನು ಸ್ವಲ್ಪ ಒದ್ದೆ ಮಾಡಲು ಹೇಳಿ, ಚೆಂಡು ಚೆನ್ನಾಗಿ ಹಿಡಿಯುತ್ತದೆ. ಎತ್ತರದ ಚೆಂಡು ಒಂದಷ್ಟು ಒಳಗೆ ಹೋಗುತ್ತದೆ, ಅದಕ್ಕೆ ಈಗ ಏನೂ ಮಾಡಲು ಆಗುವುದಿಲ್ಲ. ಕೆಳಗಿನದ್ದಕ್ಕೆ ಪುಟ್ಟವರೇ ಬೇಗ ಬೀಳುವುದು.